ಅಡಿಕೆ ಸುಲಿಯುವ ಕೈಗಳ ಚಿತ್ರವನ್ನು ಪಾನ್ ಮಸಾಲಾ ಜಾಹೀರಾತಿಗೆ ಕೇಳುತ್ತಿದ್ದಾರೆ, ಏನು ಮಾಡಲಿ?

ಮಂಡಗದ್ದೆ ಹಕ್ಕಿ, ತೀರ್ಥಹಳ್ಳಿ

ಛಾಯಾಗ್ರಾಹಕರ ಈ ವೇದಿಕೆಯಲ್ಲಿ ಲೆನ್ಸು, ಬೆಳಕು, ಹಳೆಯ ಕ್ಯಾಮೆರಾ ಮಾರಾಟ ಎಂದಷ್ಟೇ ಬರೆಯುವವನು ನಾನು. ಈ ಸಲದ ವಿಷಯ ಬೇರೆ. ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ.

2017ರ ಸುಗ್ಗಿಯಿಂದ ತೀರ್ಥಹಳ್ಳಿ ಮತ್ತು ಹೊಸನಗರ ತಾಲ್ಲೂಕಿನ ಕೆಲವು ಮನೆಗಳಲ್ಲಿ ಅಡಿಕೆ ಸುಲಿಯುವವರ ಚಿತ್ರ ತೆಗೆಯುತ್ತಿದ್ದೇನೆ. ಯಾರೂ ಹೇಳಿ ಮಾಡಿಸಿದ್ದಲ್ಲ. ಸುಲಿಯುವ ಯಂತ್ರ ಒಂದೊಂದೇ ಅಂಗಳಕ್ಕೆ ಬಂದು ಇಳಿಯುತ್ತಿತ್ತು. ಇನ್ನು ಹತ್ತು ವರ್ಷಕ್ಕೆ ಕಾಲಲ್ಲಿ ಮೆಟ್ಟಿ ಹಿಡಿದು ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂರುವ ಹೆಂಗಸರು ಸಿಗಲಿಕ್ಕಿಲ್ಲ ಎನ್ನಿಸಿ ಶುರು ಮಾಡಿದೆ. ರಾತ್ರಿ ಹತ್ತರವರೆಗೂ ಅವರ ಜೊತೆ ಕೂರುತ್ತೇನೆ. ಮೊದಲ ಸುಗ್ಗಿಯಲ್ಲಿ ಕ್ಯಾಮೆರಾ ಕಂಡರೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಮೂರನೆಯದರಲ್ಲಿ ನಾನಿರುವುದನ್ನೇ ಮರೆತರು. ಐದನೆಯದರಲ್ಲಿ ‘ಸುಮ್ಮನೆ ಕೂತಿದ್ದೀಯಲ್ಲ, ಆ ಡಬ್ಬ ಎತ್ತಿಕೊಡು’ ಎನ್ನತೊಡಗಿದರು. ನನ್ನ ಒಳ್ಳೆಯ ಚಿತ್ರಗಳೆಲ್ಲ ಡಬ್ಬ ಎತ್ತಿಕೊಟ್ಟ ಮೇಲಿನವು.

ಅದರಲ್ಲಿ ಒಂದು, ಒಬ್ಬ ಅಕ್ಕನ ಎರಡು ಕೈಗಳದ್ದು. ಮುಖವಿಲ್ಲ. ಚೊಗರು, ಅಂದರೆ ಹಸಿ ಅಡಿಕೆಯ ಒಗರು ರಸ, ಉಗುರಿನ ಬುಡಕ್ಕೂ ಬೆರಳಿನ ಗೆರೆಗಳಿಗೂ ಇಳಿದು ಕಪ್ಪಾಗಿದೆ. ಎಡಗೈ ಹೆಬ್ಬೆರಳಿಗೆ ಹಳೆಯ ಸೀರೆಯ ಅಂಚನ್ನು ಹರಿದು ಸುತ್ತಿಕೊಂಡಿದ್ದಾರೆ. ಬೆರಳುಗಳ ನಡುವೆ ಆಗಷ್ಟೇ ಸಿಪ್ಪೆ ಬಿಟ್ಟ ಹಸಿ ಅಡಿಕೆ. ತಲೆಯ ಮೇಲೆ ತೂಗುಬಿಟ್ಟ ಒಂದೇ ಬಲ್ಬಿನ ಬೆಳಕಿಗೆ ಅದು ಒದ್ದೆ ಕಣ್ಣಿನಂತೆ ಹೊಳೆಯುತ್ತದೆ. ಇದನ್ನು ಶಿವಮೊಗ್ಗದಲ್ಲಿ ಒಂದು ಪ್ರದರ್ಶನದಲ್ಲಿ ಇಟ್ಟಿದ್ದೆ. ಅಲ್ಲಿ ನೋಡಿದ ಯಾರೋ ಫೋಟೋ ಹೊಡೆದುಕೊಂಡು ಬೆಂಗಳೂರಿನ ಜಾಹೀರಾತು ಏಜೆನ್ಸಿಯೊಂದಕ್ಕೆ ಕಳುಹಿಸಿದ್ದಾರೆ.

ಈಗ ಏಜೆನ್ಸಿಯವರು ಕರೆ ಮಾಡುತ್ತಿದ್ದಾರೆ. ಉತ್ತರದ ಒಂದು ಪಾನ್ ಮಸಾಲಾ ಕಂಪನಿಯ ಕೆಲಸ. ಎರಡು ಬೇಡಿಕೆ. ಒಂದು, ಆ ಕೈಗಳ ಚಿತ್ರವನ್ನು ಸಂಪೂರ್ಣವಾಗಿ, ಶಾಶ್ವತವಾಗಿ ಬರೆದುಕೊಡಬೇಕು, ಮೂರು ಲಕ್ಷ. ಇನ್ನೊಂದು, ಅದೇ ಹೆಂಗಸರನ್ನು ಇಟ್ಟುಕೊಂಡು ಎರಡು ದಿನದ ಹೊಸ ಶೂಟಿಂಗ್, ಎರಡು ಲಕ್ಷ. ‘ಅದೇ ಭಾವ ಬರಬೇಕು ಸರ್’ ಎಂದು ಮೂರು ಸಲ ಹೇಳಿದರು.

ಕಳೆದ ವರ್ಷ ಈ ಕೆಲಸದಿಂದ ನನಗೆ ಬಂದದ್ದು ಪತ್ರಿಕೆಯೊಂದರ ಪುರವಣಿ ಕೊಟ್ಟ ಸಾವಿರದ ಐನೂರು ರೂಪಾಯಿ. ಈ ಮಳೆಗಾಲದಲ್ಲಿ 35 ಎಂಎಂ ಲೆನ್ಸಿನ ಒಳಗೆ ಬೂಷ್ಟು ಜೇಡರ ಬಲೆಯ ಹಾಗೆ ಹಬ್ಬಿದೆ. ಮಗಳ ಕಾಲೇಜು ಶುಲ್ಕ ಬಾಕಿ ಇದೆ. ಹಾಗಿದ್ದರೂ ಒಪ್ಪಿಕೊಂಡೆ ಎನ್ನಲು ಬಾಯಿ ಬರುತ್ತಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?


ಕಪ್ಪುಬಿಳುಪು, ಶಿವಮೊಗ್ಗ

ಬೇಡ. ಎರಡೂ ಬೇಡ.

ಅಮೆರಿಕದ ಛಾಯಾಗ್ರಾಹಕ ಯೂಜೀನ್ ಸ್ಮಿತ್ ಜಪಾನಿನ ಮಿನಮಾಟಾಕ್ಕೆ ಹೋದದ್ದು 1971ರಲ್ಲಿ. ಚಿಸ್ಸೊ ಕಾರ್ಖಾನೆ ಕಡಲಿಗೆ ಬಿಟ್ಟ ಪಾದರಸದಿಂದ ಕೈಕಾಲು ಸೊಟ್ಟಗಾದ ಮಕ್ಕಳ ನಡುವೆ ಮೂರು ವರ್ಷ ಬದುಕಿದರು. 1972ರ ಜನವರಿಯಲ್ಲಿ ಕಂಪನಿಯ ಕಡೆಯವರು ಅವರನ್ನು ಹಿಡಿದು ಬಡಿದರು, ಕಣ್ಣಿಗೆ ಪೆಟ್ಟಾಯಿತು. ಸಾಕ್ಷ್ಯಚಿತ್ರಣ ಎಂದರೆ ಆ ದಾರಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಎಂದು ಹೇಳಿದೆ. ಪೊಟ್ಟಣದ ಮೇಲೆ ಕಂಪನಿಯೇ ‘ಆರೋಗ್ಯಕ್ಕೆ ಹಾನಿಕರ’ ಎಂದು ಮುದ್ರಿಸಬೇಕು. ಅಂಥ ವಸ್ತುವಿಗೆ ನಿಮ್ಮ ಎಂಟು ಸುಗ್ಗಿಯ ನಂಬಿಕೆಯನ್ನು ಮೂರು ಲಕ್ಷಕ್ಕೆ ಅಡವಿಡುತ್ತೀರಾ?


ನಾಲ್ಕೆಕರೆ ತೋಟ, ಕೊಪ್ಪ

ಕಪ್ಪುಬಿಳುಪು ಅವರೇ, ಮಾರಾಯರೇ, ಒಂದು ಮಾತು ಕೇಳುತ್ತೇನೆ. ನಾನು ಅಡಿಕೆ ಗೊನೆ ಕೊಯ್ಸಿ, ಸುಲಿಸಿ, ಬೇಯಿಸಿ, ಅಟ್ಟದ ಮೇಲೆ ಒಣಗಿಸಿ ಮಂಡಿಗೆ ಹಾಕುವ ರಾಶಿ ಎಲ್ಲಿಗೆ ಹೋಗುತ್ತದೆ? ಮದುವೆಯ ತಾಂಬೂಲಕ್ಕೆ ಎಷ್ಟು ಬೇಕು ಹೇಳಿ. ನಮ್ಮ ಕೆಂಪಡಿಕೆ ಲಾರಿ ಹತ್ತಿ ಹೋಗುವುದು ಅದೇ ಉತ್ತರಕ್ಕೆ, ಅದೇ ಕಂಪನಿಗಳಿಗೆ. ಮಲೆನಾಡಿನಲ್ಲಿ ಕಟ್ಟಿದ ಮನೆ, ಓದಿಸಿದ ಮಕ್ಕಳು, ಇಂಥ ಪ್ರದರ್ಶನಗಳಿಗೆ ಕೊಟ್ಟ ದೇಣಿಗೆ, ಎಲ್ಲದರಲ್ಲೂ ಆ ದುಡ್ಡಿದೆ. ನಾನು ಅಡಿಕೆ ಮಾರಿದರೆ ಬದುಕು, ಅವರು ಅಡಿಕೆಯ ಚಿತ್ರ ಮಾರಿದರೆ ಪಾಪ?

ಕೊಳೆ ರೋಗ ಬಂದಾಗ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಕಲಸಿ, ಸುರಿವ ಮಳೆಯಲ್ಲಿ ಮರ ಹತ್ತುವವನನ್ನು ಹುಡುಕಿಕೊಂಡು ಊರೂರು ತಿರುಗುವಾಗ ಯಾರೂ ಬಂದು ನೀತಿ ಹೇಳುವುದಿಲ್ಲ.


ಕಪ್ಪುಬಿಳುಪು, ಶಿವಮೊಗ್ಗ

ನೀವು ಅಡಿಕೆ ಮಾರುವಾಗ ಬೇರೆಯವರ ಕೈಯನ್ನು ಸೇರಿಸಿ ಮಾರುವುದಿಲ್ಲ. ಅವರು ಮಾರಬೇಕಾಗಿರುವುದು ಅದನ್ನೇ.


ನಾಲ್ಕೆಕರೆ ತೋಟ, ಕೊಪ್ಪ

ಕೈ ಸೇರದೆ ಅಡಿಕೆ ಸುಲಿಯುತ್ತದೆಯೇ?


ದುರ್ಗಿಗುಡಿ ಸ್ಟುಡಿಯೋ, ಶಿವಮೊಗ್ಗ

ಇಬ್ಬರೂ ಸ್ವಲ್ಪ ತಣ್ಣಗಾಗಿ, ನಾನೊಂದು ಹೇಳುತ್ತೇನೆ. ಇಪ್ಪತ್ತಾರು ವರ್ಷದಿಂದ ಮದುವೆ ತೆಗೆಯುತ್ತಿದ್ದೇನೆ. ನಮ್ಮ ಹಕ್ಕಿಯವರೂ ವರ್ಷಕ್ಕೆ ಹತ್ತು ಹದಿನೈದು ಮದುವೆಗೆ ನನ್ನ ಜೊತೆ ಎರಡನೇ ಕ್ಯಾಮೆರಾ ಹಿಡಿಯುತ್ತಾರೆ. ಅದನ್ನು ಬರೆಯಲು ಅವರಿಗೆ ನಾಚಿಕೆ ಇರಬೇಕು, ನನಗಿಲ್ಲ. ಧಾರೆ ಎರೆಯುವಾಗ ಅತ್ತೆಯ ತಲೆ ಅಡ್ಡ ಬಂತೆಂದು ಪುರೋಹಿತರನ್ನು ತಡೆದು ಇನ್ನೊಮ್ಮೆ ನೀರು ಬಿಡಿಸಿದವನು ನಾನು. ಕನ್ಯಾದಾನ ಎರಡು ಸಲ ಆದ ಮದುವೆಗಳು ಈ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ದುಡ್ಡಿಗೆ ಚಿತ್ರ ತೆಗೆಯುವುದು ಹೊಸದೇನಲ್ಲ. ಜಾಹೀರಾತು ಎಂದೊಡನೆ ಮೈಲಿಗೆ ಏಕೆ? ಹೊಸ ಶೂಟಿಂಗ್ ಮಾಡಿ, ಲೆನ್ಸು ಕೊಳ್ಳಿ. ಬೂಷ್ಟು ಹಿಡಿದದ್ದನ್ನು ಬೇರೆ ಲೆನ್ಸುಗಳ ಜೊತೆ ಇಡಬೇಡಿ, ಹರಡುತ್ತದೆ.


ಹಳೇ ಏಜೆನ್ಸಿ, ಬೆಂಗಳೂರು (ಊರು ಸಾಗರ)

ಹದಿನಾಲ್ಕು ವರ್ಷ ಜಾಹೀರಾತು ಏಜೆನ್ಸಿಗಳಲ್ಲಿ ದುಡಿದು ಬಿಟ್ಟವನು.

ಮೊದಲು ಕಪ್ಪುಬಿಳುಪು ಅವರಿಗೆ. ಸ್ಮಿತ್ ಅವರ ಮಿನಮಾಟಾ ಹೇಳಿದಿರಿ, ಅದಕ್ಕೂ ಹತ್ತು ವರ್ಷ ಮೊದಲಿನದನ್ನು ಹೇಳಲಿಲ್ಲ. 1961ರಲ್ಲಿ ಅವರು ಜಪಾನಿಗೆ ಹೋದದ್ದು ಹಿಟಾಚಿ ಕಂಪನಿ ಸಂಬಳ ಕೊಟ್ಟು ಕರೆಸಿದ್ದರಿಂದ, ಆ ಕಂಪನಿಯ ಕಾರ್ಖಾನೆ ಮತ್ತು ಕೆಲಸಗಾರರ ಚಿತ್ರ ತೆಗೆಯಲಿಕ್ಕೆ. ಒಂದು ಕಂಪನಿಯ ಹಣ ಪಡೆದವರೇ ಇನ್ನೊಂದು ಕಂಪನಿಯವರಿಂದ ಪೆಟ್ಟು ತಿಂದರು. ಮನುಷ್ಯ ಒಬ್ಬರೇ.

ಇನ್ನು ಹಕ್ಕಿಯವರಿಗೆ. ‘ಸಂಪೂರ್ಣ, ಶಾಶ್ವತ’ ಎಂಬ ಎರಡು ಪದಗಳಿಗೆ ಹೆದರಿ. ಇವತ್ತು ಫಲಕದ ಮೇಲೆ ಬರೀ ಕೈ ಇರುತ್ತದೆ. ನಾಳೆ ಆ ಕೈಗೆ ಬಳೆ ತೊಡಿಸುತ್ತಾರೆ, ಚೊಗರನ್ನು ಕಂಪ್ಯೂಟರಿನಲ್ಲಿ ಒರೆಸುತ್ತಾರೆ, ಪಕ್ಕದಲ್ಲಿ ಸಿನಿಮಾ ನಟನನ್ನು ನಿಲ್ಲಿಸುತ್ತಾರೆ. ಏಡ್ಸ್‌ನಿಂದ ಸಾಯುತ್ತಿದ್ದ ಡೇವಿಡ್ ಕರ್ಬಿ ಎಂಬ ಯುವಕನನ್ನು ತಂದೆ ತಬ್ಬಿಕೊಂಡ ಕಪ್ಪುಬಿಳುಪು ಚಿತ್ರಕ್ಕೆ 1992ರಲ್ಲಿ ಬಣ್ಣ ಹಚ್ಚಿ ಬೆನೆಟನ್ ಬಟ್ಟೆ ಕಂಪನಿ ಜಾಹೀರಾತು ಮಾಡಿತು. ಮನೆಯವರು ಒಪ್ಪಿಯೇ ಇದ್ದರು, ರೋಗದ ವಿಷಯ ನಾಲ್ಕು ಜನಕ್ಕೆ ತಲುಪಲಿ ಎಂಬ ಆಸೆ ಅವರದು. ಆದರೂ ಸ್ವೆಟರ್ ಮಾರಲು ಸಾವು ಬೇಕಿತ್ತೇ ಎಂಬ ಜಗಳ ಇವತ್ತಿಗೂ ಮುಗಿದಿಲ್ಲ. ಹಳೆಯ ಚಿತ್ರ ಕೊಡಬೇಡಿ. ಹೊಸದನ್ನು ತೆಗೆಯಿರಿ, ಅದು ಜಾಹೀರಾತು ಎಂದು ಅದರಲ್ಲಿ ನಿಂತವರಿಗೂ ಗೊತ್ತಿರುತ್ತದೆ.

‘ಅದೇ ಭಾವ’ ಎಂದಿದ್ದಾರಲ್ಲ, ಆ ಮಾತನ್ನು ನಾನೂ ನೂರಾರು ಸಲ ಆಡಿದ್ದೇನೆ. ಅದರ ಅರ್ಥ: ಅದೇ ಚಿತ್ರ, ಆದರೆ ಕೊಳೆ ಇಲ್ಲದ್ದು.


ಕರಿಕೋಟು, ಸಾಗರ

ಕಾನೂನಿನ ಮಾತು ಚಿಕ್ಕದಾಗಿ.

ನೀವೇ ನಿಮ್ಮ ಖರ್ಚಿನಲ್ಲಿ ತೆಗೆದ ಹಳೆಯ ಚಿತ್ರದ ಕೃತಿಸ್ವಾಮ್ಯ ನಿಮ್ಮದು. ಹೊಸ ಶೂಟಿಂಗ್ ವಿಷಯ ತಿರುಗುಮುರುಗು. ಕೃತಿಸ್ವಾಮ್ಯ ಕಾಯ್ದೆ, 1957ರ 17ನೇ ಕಲಮಿನ ಪ್ರಕಾರ ಹಣ ಕೊಟ್ಟು ಫೋಟೋ ತೆಗೆಸಿದವನೇ ಅದರ ಮೊದಲ ಒಡೆಯ, ಬೇರೆ ಒಪ್ಪಂದ ಇಲ್ಲದಿದ್ದರೆ. ಈ ಕೊನೆಯ ಮೂರು ಪದಗಳಲ್ಲೇ ನಿಮ್ಮ ಹೊಟ್ಟೆಪಾಡು ಇರುವುದು. ಕ್ಯಾಮೆರಾ ಬ್ಯಾಗಿನಿಂದ ತೆಗೆಯುವ ಮೊದಲೇ ಒಪ್ಪಂದ ಮಾಡಿಕೊಳ್ಳಿ.

ಹಕ್ಕು ಬರೆದುಕೊಡುವುದಿದ್ದರೆ 19ನೇ ಕಲಂ ಓದಿ. ಅದು ಲಿಖಿತವಾಗಿರಬೇಕು, ಸಹಿ ಇರಬೇಕು. ಎಷ್ಟು ಕಾಲ ಎಂದು ಬರೆಯದಿದ್ದರೆ ಐದು ವರ್ಷ, ಎಲ್ಲಿ ಎಂದು ಬರೆಯದಿದ್ದರೆ ಭಾರತ ಮಾತ್ರ. ಅದಕ್ಕೇ ಅವರು ‘ಶಾಶ್ವತ’ ಎಂದು ನೆನಪಿಟ್ಟು ಬರೆಸುವುದು. ನೀವು ಒಂದು ವರ್ಷ, ಕರ್ನಾಟಕ ಬಿಟ್ಟು ಉಳಿದ ರಾಜ್ಯಗಳು, ಫಲಕ ಮತ್ತು ಪತ್ರಿಕೆ ಮಾತ್ರ, ಹೀಗೆ ತುಂಡು ತುಂಡಾಗಿ ಕೊಡಬಹುದು. 57ನೇ ಕಲಂ ಪ್ರಕಾರ, ಹಕ್ಕು ಮಾರಿದ ಮೇಲೂ ನಿಮ್ಮ ಗೌರವಕ್ಕೆ ಕುಂದು ಬರುವಂತೆ ಚಿತ್ರವನ್ನು ವಿರೂಪಗೊಳಿಸಿದರೆ ತಕರಾರು ತೆಗೆಯಬಹುದು. ತಕರಾರು ತೆಗೆಯಲು ವಕೀಲ ಬೇಕು, ವಕೀಲನಿಗೆ ಶುಲ್ಕ ಬೇಕು. ನನ್ನ ವೃತ್ತಿಯ ಬಗ್ಗೆ ಇಷ್ಟು ಸತ್ಯ ಸಾಕು.

ಆ ಹೆಂಗಸರ ಲಿಖಿತ ಒಪ್ಪಿಗೆ ಪ್ರತ್ಯೇಕವಾಗಿ ಬೇಕು. ಕನ್ನಡದಲ್ಲಿ.


ಅಮ್ಮನ ಮೆಟ್ಟುಗತ್ತಿ, ಹೊಸನಗರ

ಎರಡು ದಿನದಿಂದ ಓದುತ್ತಿದ್ದೇನೆ. ತೋಟದವರು ಮಾತನಾಡಿದರು, ಸ್ಟುಡಿಯೋದವರು ಮಾತನಾಡಿದರು, ಜಪಾನಿನವರೂ ಬಂದು ಹೋದರು. ಆ ಕೈ ಯಾರದೋ ಅವರನ್ನು ಒಂದು ಮಾತು ಕೇಳೋಣ ಎಂದು ಯಾರೂ ಹೇಳಲಿಲ್ಲ. ವಕೀಲರು ಮಾತ್ರ ಸಹಿ ಹಾಕಿಸಿಕೊಳ್ಳಿ ಎಂದರು.

ನನ್ನ ಅಮ್ಮ ಸುಲಿಯುವವರೇ. ಸುಗ್ಗಿ ಶುರುವಾಗುವ ಮೊದಲು ಅಂಗೈಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು, ಆದರೂ ಎರಡನೇ ವಾರಕ್ಕೆ ಕೈ ಕಪ್ಪಾಗುತ್ತಿತ್ತು. ಶಾಲೆಯ ಪೋಷಕರ ಸಭೆಗೆ ಬಂದರೆ ಸೆರಗಿನೊಳಗೆ ಕೈ ಇಟ್ಟುಕೊಂಡು ಕೂರುತ್ತಿದ್ದರು. ಸಹಿ ಮಾಡುವಾಗ ಮಾತ್ರ ತೆಗೆಯುತ್ತಿದ್ದರು. ನಾನು ಏಳನೇ ತರಗತಿಯಲ್ಲಿದ್ದಾಗ ಒಬ್ಬರು ಬಂದು ಅಮ್ಮನ ಫೋಟೋ ತೆಗೆದುಕೊಂಡು ಹೋದರು. ಅವರು ಹಕ್ಕಿಯವರಲ್ಲ, ಬೇರೆಯವರು. ಮರುವರ್ಷ ಅದು ಒಂದು ಸಂಸ್ಥೆಯ ಕ್ಯಾಲೆಂಡರಿನಲ್ಲಿ ಬಂದಿತ್ತು. ನಮಗೆ ಗೊತ್ತಾದದ್ದು ರೇಷನ್ ಅಂಗಡಿಯ ಗೋಡೆಯ ಮೇಲೆ ನೋಡಿದಾಗ. ಅಮ್ಮನಿಗೆ ಫೋಟೋದ ಬಗ್ಗೆ ಬೇಸರವಿರಲಿಲ್ಲ. ತೋಳು ಹರಿದ ರವಿಕೆ ತೊಟ್ಟ ದಿನವೇ ತೆಗೆದಿದ್ದಾರಲ್ಲ ಎಂದು ಬೇಸರ. ‘ಹೇಳಿದ್ದರೆ ಬೇರೆ ತೊಡುತ್ತಿದ್ದೆ’ ಎಂದರು. ಆ ಕ್ಯಾಲೆಂಡರಿನ ಒಂದು ಪ್ರತಿ ನಮ್ಮ ಮನೆಗೆ ಬರಲಿಲ್ಲ. ಕೊನೆಗೆ ಡಿಸೆಂಬರ್ ಮುಗಿದ ಮೇಲೆ ಅಂಗಡಿಯವರನ್ನು ಕೇಳಿ ಆ ಹಾಳೆ ತಂದುಕೊಂಡೆವು.

ಜಾಹೀರಾತಿನವರು ಕನಿಷ್ಠ ಮೊದಲೇ ಹೇಳುತ್ತಾರೆ, ದುಡ್ಡು ಕೊಡುತ್ತೇವೆ ಎನ್ನುತ್ತಾರೆ. ಸಾಕ್ಷ್ಯಚಿತ್ರದವರು ಏನು ಹೇಳಿ ತೆಗೆಯುತ್ತೀರಿ?

1936ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡೊರೊಥಿಯಾ ಲ್ಯಾಂಗ್ ತೆಗೆದ ವಲಸೆ ತಾಯಿಯ ಚಿತ್ರ ನೀವೆಲ್ಲ ಬಲ್ಲಿರಿ. ಆಕೆಯ ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಜಗತ್ತಿಗೆ ತಿಳಿದದ್ದು 1978ರಲ್ಲಿ. ಆ ಚಿತ್ರದಿಂದ ತನಗೆ ಒಂದು ಕಾಸೂ ಸಿಗಲಿಲ್ಲ ಎಂದು ಆಕೆ ಹೇಳಿಕೊಂಡಿದ್ದರು. ಅದು ಜಾಹೀರಾತಿನ ಚಿತ್ರವಾಗಿರಲಿಲ್ಲ, ಸರ್ಕಾರಿ ಯೋಜನೆಯ ಒಳ್ಳೆಯ ಉದ್ದೇಶದ ಚಿತ್ರ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.


ಮಂಡಗದ್ದೆ ಹಕ್ಕಿ, ತೀರ್ಥಹಳ್ಳಿ

ಮೆಟ್ಟುಗತ್ತಿಯವರೇ, ನಿಮ್ಮ ಬರಹ ಓದಿದ ಸಂಜೆಯೇ ಬೈಕ್ ಹತ್ತಿ ಹೋದೆ. ಆ ಚಿತ್ರದ ಪ್ರತಿ ಆ ಅಕ್ಕನ ಮನೆಯಲ್ಲಿ ಇದೆಯೇ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಇರಲಿಲ್ಲ. ಶಿವಮೊಗ್ಗದ ಪ್ರದರ್ಶನಕ್ಕೆ ಎರಡೂವರೆ ಅಡಿಯ ಪ್ರತಿ ಹಾಕಿಸಿ ಚೌಕಟ್ಟು ಕಟ್ಟಿಸಿದವನಿಗೆ ಅವರಿಗೊಂದು ಅಂಗೈ ಅಗಲದ್ದು ಕೊಡಬೇಕು ಎಂದು ಹೊಳೆದಿರಲಿಲ್ಲ.

ಎಲ್ಲ ಹೇಳಿದೆ. ಕಂಪನಿ ಏನು ಮಾರುತ್ತದೆ, ಎಷ್ಟು ಕೊಡುತ್ತದೆ, ನನಗೇಕೆ ಹಿಂಜರಿಕೆ. ಅವರು ಕತ್ತಿಯಿಂದ ಕಣ್ಣೆತ್ತದೆ ಕೇಳಿಸಿಕೊಂಡರು. ಆಮೇಲೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ:

‘ಇಷ್ಟು ವರ್ಷ ಬಿಟ್ಟಿ ತೆಗೆದೆ, ಆಗ ನಿನಗೆ ಸಂಕಟ ಆಗಲಿಲ್ಲ. ಈಗ ದುಡ್ಡು ಕೊಡುವವರು ಬಂದರೆ ಸಂಕಟವೇ? ಮಸಾಲೆ ತಿನ್ನುವವರು ತಿನ್ನುತ್ತಾರೆ ತಮ್ಮ, ನಾನು ಸುಲಿಯುವುದು ಬಿಟ್ಟರೆ ನಿಲ್ಲಿಸುತ್ತಾರೆಯೇ? ನಮಗೆಷ್ಟು ಅಂತ ಕೇಳಿಕೊಂಡು ಬಾ.’

ಪಕ್ಕದಲ್ಲಿದ್ದ ಇನ್ನೊಬ್ಬರು ಒಪ್ಪಲಿಲ್ಲ. ಅವರ ಅಣ್ಣ ಬಾಯಿಯ ಕ್ಯಾನ್ಸರಿನಲ್ಲಿ ತೀರಿಕೊಂಡವರು. ‘ನನ್ನ ಕೈ ಬೇಡ’ ಎಂದರು, ಅಷ್ಟೇ. ಮಾತು ಅಲ್ಲಿಗೆ ನಿಂತಿತು, ಸುಲಿಯುವ ಸದ್ದು ಮಾತ್ರ.

ಹಳೆಯ ಚಿತ್ರ ಕೊಡುವುದಿಲ್ಲ ಎಂದು ಏಜೆನ್ಸಿಗೆ ತಿಳಿಸಿದ್ದೇನೆ. ಹೊಸದಕ್ಕೆ ಒಪ್ಪಿದ್ದೇನೆ. ಬರುವ ನಾಲ್ಕು ಜನಕ್ಕೆ ದಿನದ ಕೂಲಿ ಬೇರೆ, ತಲೆಗೆ ಹತ್ತು ಸಾವಿರ ಬೇರೆ, ಶೂಟಿಂಗ್ ಮೊದಲೇ ಅವರ ಕೈಗೆ. ಒಂದು ವರ್ಷದ ಬಳಕೆ ಮಾತ್ರ. ಕರಿಕೋಟು ಅವರು ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಬರೆದುಕೊಟ್ಟರು, ಶುಲ್ಕ ಮುಟ್ಟಲಿಲ್ಲ.


ಕಪ್ಪುಬಿಳುಪು, ಶಿವಮೊಗ್ಗ

ನಾನು ಇನ್ನೂ ಒಪ್ಪುವುದಿಲ್ಲ. ‘ನನ್ನ ಕೈ ಬೇಡ’ ಎಂದವರ ಬಗ್ಗೆ ಯೋಚಿಸುತ್ತಿದ್ದೇನೆ. ಆದರೆ ಬಿಟ್ಟಿ ತೆಗೆದದ್ದರ ಬಗ್ಗೆ ಅವರು ಹೇಳಿದ ಮಾತಿಗೆ ನನ್ನ ಬಳಿಯೂ ಉತ್ತರವಿಲ್ಲ. ಕುಂಬಾರರ ಮೇಲೆ ನಾನು ನಾಲ್ಕು ವರ್ಷ ತೆಗೆದ ಚಿತ್ರಗಳಿವೆ. ಈ ವಾರ ಅವರ ಪ್ರತಿಗಳನ್ನು ಹಾಕಿಸುತ್ತೇನೆ.


ಮಂಡಗದ್ದೆ ಹಕ್ಕಿ, ತೀರ್ಥಹಳ್ಳಿ

ಶೂಟಿಂಗ್ ಮುಗಿದು ವಾರವಾಯಿತು. ಕೇಳಿದವರಿಗಾಗಿ ಬರೆಯುತ್ತಿದ್ದೇನೆ.

ಬೆಂಗಳೂರಿನಿಂದ ಹನ್ನೊಂದು ಜನ ಬಂದರು. ಎರಡು ದೊಡ್ಡ ದೀಪ, ಒಂದು ಹೊಗೆ ಯಂತ್ರ. ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು, ಒಲೆಯ ಹೊಗೆ ಕಣ್ಣು ಉರಿಸುವಷ್ಟಿತ್ತು. ಆದರೂ ಅವರಿಗೆ ತಮ್ಮದೇ ಹೊಗೆ ಬೇಕಿತ್ತು. ಆರ್ಟ್ ಡೈರೆಕ್ಟರ್ ಒಳ್ಳೆಯ ಹುಡುಗ, ನಾಲ್ಕು ಲೋಟ ಕಷಾಯ ಕುಡಿದ. ಮೊದಲ ಚಿತ್ರವನ್ನು ಕಂಪ್ಯೂಟರಿನಲ್ಲಿ ನೋಡಿದವನೇ ಅಕ್ಕನ ಕಡೆ ತಿರುಗಿ, ‘ಅಮ್ಮ, ಒಂದು ಸಲ ಕೈ ತೊಳೆದುಕೊಂಡು ಬರುತ್ತೀರಾ?’ ಎಂದ.

ಅಕ್ಕ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರು ಎದ್ದು ಹೋಗಿ, ಸೋಪು ಹಾಕಿ, ನಿಂಬೆಹಣ್ಣು ತಿಕ್ಕಿ, ಹತ್ತು ನಿಮಿಷ ಬಿಟ್ಟು ಬಂದು ಕೈ ಚಾಚಿದರು. ಚೊಗರು ಅಲ್ಲೇ ಇತ್ತು. ‘ಸುಗ್ಗಿ ಮುಗಿದು ಶಿವರಾತ್ರಿ ಕಳೆದ ಮೇಲೆ ಬಾ ಮಗ, ಅಷ್ಟೊತ್ತಿಗೆ ಬೆಳ್ಳಗಾಗಿರುತ್ತದೆ’ ಎಂದರು. ಉಳಿದ ಮೂವರು ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡರು. ಆ ನಗುವಿನ ಚಿತ್ರ ನನ್ನ ಬಳಿ ಇದೆ. ಒಪ್ಪಂದದ ಪ್ರಕಾರ ಅದು ಅವರದಂತೆ, ಹಣ ಕೊಟ್ಟ ದಿನ ತೆಗೆದದ್ದಲ್ಲವೇ. ಆ ಒಂದನ್ನಾದರೂ ಬಿಟ್ಟುಕೊಡಿ ಎಂದು ಕೇಳಿದ್ದೇನೆ, ಉತ್ತರ ಬಂದಿಲ್ಲ.

ಎರಡನೆಯ ದಿನ ಮಧ್ಯಾಹ್ನ ಮೇಕಪ್ ಹುಡುಗಿಯನ್ನೇ ಮೆಟ್ಟುಗತ್ತಿಯ ಮುಂದೆ ಕೂರಿಸಿದರು. ಬಿಳಿ ಕೈ, ಉಗುರಿಗೆ ತೆಳು ಗುಲಾಬಿ. ‘ಬೆರಳು ಹೋಗುತ್ತದೆ ಮಗಳೇ, ಹೀಗೆ ಹಿಡಿ’ ಎಂದು ಅಕ್ಕನೇ ತೋರಿಸಿಕೊಟ್ಟರು. ನಾನು ಬಟನ್ ಒತ್ತಿದೆ. ಫಲಕಕ್ಕೆ ಆಯ್ಕೆಯಾಗಿರುವುದು ಆ ಹುಡುಗಿಯ ಕೈ ಎಂದು ನಿನ್ನೆ ತಿಳಿಯಿತು.


ಹಳೇ ಏಜೆನ್ಸಿ, ಬೆಂಗಳೂರು (ಊರು ಸಾಗರ)

ಕೊಳೆ ಇಲ್ಲದ್ದು ಎಂದಿದ್ದೆನಲ್ಲ.


ಅಮ್ಮನ ಮೆಟ್ಟುಗತ್ತಿ, ಹೊಸನಗರ

ನಾಲ್ವರ ಹಣ ಬಂತೇ?


ಮಂಡಗದ್ದೆ ಹಕ್ಕಿ, ತೀರ್ಥಹಳ್ಳಿ

ಬಂತು, ಮೊದಲ ದಿನ ಬೆಳಿಗ್ಗೆಯೇ. ಕೈ ಬೇಡ ಎಂದವರ ಮನೆಗೆ ಅಕ್ಕ ತಮ್ಮ ಪಾಲಿನಲ್ಲಿ ಒಂದು ಮೂಟೆ ಅಕ್ಕಿ ಹಾಕಿಸಿದ್ದಾರೆ, ಅವರು ಒಳಗೆ ಇಳಿಸಿಕೊಂಡಿದ್ದಾರೆ. ಇಬ್ಬರೂ ಅದರ ಬಗ್ಗೆ ಮಾತನಾಡಿಲ್ಲ. ಕೈಗಳ ಹಳೆಯ ಚಿತ್ರದ ಒಂದು ಪ್ರತಿ ಈಗ ಅಕ್ಕನ ಮನೆಯಲ್ಲಿದೆ, ದೇವರ ಕೋಣೆಯ ಹೊರಗಿನ ಮೊಳೆಗೆ. ನನ್ನ ಹಣದಲ್ಲಿ ಅರ್ಧ ಮುಂಗಡ ಬಂದಿತ್ತು, ಉಳಿದರ್ಧ ‘ಬಿಲ್ಲು ಮಂಜೂರಾತಿಗೆ ಹೋಗಿದೆ’.


ದುರ್ಗಿಗುಡಿ ಸ್ಟುಡಿಯೋ, ಶಿವಮೊಗ್ಗ

ಅದು ಬರುವವರೆಗೆ ಲೆನ್ಸು ನನ್ನದು ಇಟ್ಟುಕೊಳ್ಳಿ. ಭಾನುವಾರ ಮೇಗರವಳ್ಳಿಯಲ್ಲಿ ಒಂದು ಮದುವೆ ಇದೆ, ಎರಡನೇ ಕ್ಯಾಮೆರಾ ಬೇಕು.


ಮಂಡಗದ್ದೆ ಹಕ್ಕಿ, ತೀರ್ಥಹಳ್ಳಿ

ಬರುತ್ತೇನೆ. ಧಾರೆ ಎಷ್ಟು ಗಂಟೆಗೆ?